ಹಾಜರಿಗೆ ಒತ್ತಿದ ಹೆಬ್ಬೆಟ್ಟು

"ಹೆಸರು ಹೇಳ್ರಿ. ಬರ್ಕೋಬೇಕು."

ಮರೆವ್ವ ತಿರುಗಿ ಹಿಂದೆ ನೋಡಿದಳು. ಯಾರೋ ದೊಡ್ಡ ಮನೆತನದ ಹೆಂಗಸು ಬಂದು ನಿಂತಿರಬೇಕು ಎಂದುಕೊಂಡಳು. ಯಾರೂ ಇರಲಿಲ್ಲ. ಬೇವಿನ ಗಿಡದ ಕೆಳಗೆ ಅವಳದೇ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು, ಅಷ್ಟೆ.

ಹಾಗಾದರೆ ಈ 'ರಿ' ತನಗೇ!

ಹತ್ತಿಕೇರಿಯ ಚಾವಡಿಯಲ್ಲಿ ಕೆಳಗಿನ ಓಣಿಯ ಹುಡುಗಿಗೆ ಯಾರಾದರೂ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಎಪ್ಪತ್ನಾಲ್ಕನೇ ಇಸವಿ, ಯುಗಾದಿ ಮುಗಿದ ವಾರ. ಇಂಡಿ ತಾಲೂಕಿನ ಆ ಊರಿನಲ್ಲಿ ಗ್ರಾಮಸಭೆ ಎಂದರೆ ಚೇರಮನ್ ಬಸಂತರಾಯ ಹೇಳುವುದು, ಉಳಿದವರು ಎಲೆಅಡಿಕೆ ಹಾಕಿಕೊಂಡು ಹೌದೆನ್ನುವುದು. ಹೆಂಗಸರು ಬರುತ್ತಿರಲಿಲ್ಲ. ಕೆಳಗಿನ ಓಣಿಯ ಹೆಂಗಸರಂತೂ ಆ ಕಡೆ ಸುಳಿಯುತ್ತಲೇ ಇರಲಿಲ್ಲ. ಆವತ್ತು ಮೂವತ್ತು ಮಂದಿಯನ್ನು ಕಟ್ಟಿಕೊಂಡು ಬಂದವಳು ಮರೆವ್ವ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ. ಓಣಿಯ ಹೆಂಗಸರಲ್ಲಿ ಸಹಿ ಮಾಡಲು ಬರುತ್ತಿದ್ದುದು ಅವಳೊಬ್ಬಳಿಗೇ.

ಅವಳು ಕೇಳಿದ್ದು ಆಕಾಶದ ಚುಕ್ಕಿಯನ್ನಲ್ಲ. ಓಣಿಯ ಬಾವಿ ಹೋಳಿ ಹುಣ್ಣಿಮೆಗೇ ಬತ್ತುತ್ತದೆ. ಮೇಲಿನ ಓಣಿಯ ಬಾವಿಯ ಹಗ್ಗ ಮುಟ್ಟುವ ಹಾಗಿಲ್ಲ. ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು. ಮೇಲಿನವರಲ್ಲಿ ಯಾರಿಗಾದರೂ ಕರುಣೆ ಬಂದರೆ ಸೇದಿ ಸುರಿಯುತ್ತಾರೆ, ಬರದಿದ್ದರೆ ಖಾಲಿ ಕೊಡ ಹೊತ್ತು ವಾಪಸು. ಸರಕಾರ ಊರೂರಿಗೆ ಬೋರಿಂಗ್ ಹೊಡೆಸುತ್ತಿದೆಯಂತೆ, ಒಂದು ನಮ್ಮ ಓಣಿಗೂ ಬೇಕು. ಇಷ್ಟೇ.

ಬಸಂತರಾಯ ನಕ್ಕು, ಇದು ಯಾರ ಮಗಳು, ಬಾಯಿ ಬಲು ಜೋರಿದೆಯಲ್ಲ ಎಂದ. ಅವನು ನಕ್ಕಿದ್ದಕ್ಕೆ ಸಭೆಯೂ ನಕ್ಕಿತು. ನಗದೆ ತಲೆ ಎತ್ತಿದವನು ಒಬ್ಬನೇ, ಹದಿನೈದು ದಿನದ ಹಿಂದೆ ಬಂದ ಪಂಚಾಯತಿ ಸೆಕ್ರೆಟರಿ ಚಂದ್ರಾಮ. ಹೆಸರು ಕೇಳಿದವನೂ ಅವನೇ.

"ಮರೆವ್ವ... ಮರೆವ್ವ ಮಾನಪ್ಪ," ಎಂದಳು. ಅವನು ದುಂಡನೆಯ ಅಕ್ಷರದಲ್ಲಿ ಬರೆದುಕೊಂಡ.

ಒಂದು ಅಕ್ಷರಕ್ಕೆ ಮನಸ್ಸು ಸೋಲುವುದುಂಟೇ ಎಂದು ನೀವು ಕೇಳಬಹುದು. ಹುಟ್ಟಿದಾಗಿನಿಂದ 'ಏ', 'ಲೇ' ಎಂದೇ ಕರೆಸಿಕೊಂಡು ಬಂದವರನ್ನು ಕೇಳಿ ನೋಡಿ!

ಚಂದ್ರಾಮ ಸಿಂದಗಿ ಕಡೆಯವನು, ಕೆಳಗಿನ ಓಣಿಯವರ ಜನವೇ. ಅದಕ್ಕೇ ಮೇಲಿನ ಓಣಿಯಲ್ಲಿ ಅವನಿಗೆ ಬಾಡಿಗೆಗೆ ಕೋಣೆ ಸಿಕ್ಕಿರಲಿಲ್ಲ. ಚಾವಡಿಯ ಹಿಂದೆ ಹಳೇ ದಫ್ತರ ಇಡುವ ಕೋಣೆಯಲ್ಲಿ ಮಲಗುತ್ತಿದ್ದ. ಮರೆವ್ವನ ತಾಯಿ ಹುಚ್ಚವ್ವ ಅದನ್ನು ಕೇಳಿ ಮರುಗಿ, ದಿನಾ ಎರಡು ರೊಟ್ಟಿ ಹೆಚ್ಚು ಬಡಿಯತೊಡಗಿದಳು. ಇಂಡಿಗೆ ಕಳಿಸುವ ಅರ್ಜಿಗಾಗಿ ಅವನು ಓಣಿಯ ಮನೆಮನೆಗೆ ಬಂದು ಮಂದಿಯ ಲೆಕ್ಕ ಬರೆದುಕೊಂಡ. ಎಲ್ಲ ಮನೆಗೆ ಒಂದು ಸಲ ಹೋದರೆ, ಮರೆವ್ವನ ಮನೆಗೆ ಮೂರು ಸಲ.

ಮೂರನೆಯ ಸಲ ಅವಳ ಅಪ್ಪ ಮಾನಪ್ಪ ಮೀಸೆಯಲ್ಲೇ ನಕ್ಕ. "ನಮ್ಮನಿ ಮಂದಿ ಏನೂ ಹೆಚ್ಚಾಗಿಲ್ಲ ತಮ್ಮಾ. ಎಷ್ಟ ಸಲ ಬರ್ಕೋತಿ?"

ಚಂದ್ರಾಮನ ಕಿವಿ ಕೆಂಪಾದವು. ಒಳಗೆ ಹಿಟ್ಟು ನಾದುತ್ತಿದ್ದ ಮರೆವ್ವ ಸುಮ್ಮಸುಮ್ಮನೆ ಮತ್ತೊಂದು ಹಿಡಿ ಹಿಟ್ಟು ಸುರಿದಳು.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ, ಅವಳು ಹೊಲದಿಂದ ಬರುವ ದಾರಿಯಲ್ಲಿ ಅವನು ಸೈಕಲ್ಲಿನಿಂದ ಇಳಿದ. ನಾಲ್ಕು ಹೆಜ್ಜೆ ದೂರವಿಟ್ಟುಕೊಂಡೇ ಹೇಳಿದ.

"ನನ್ನ ನೌಕರಿ ಇನ್ನೂ ಕಾಯಂ ಆಗಿಲ್ರಿ. ದೀಪಾವಳಿ ಆಸುಪಾಸು ಆಗ್ತೈತಿ. ಆಮ್ಯಾಲೆ ನಮ್ಮ ಕಾಕಾನ್ನ ನಿಮ್ಮನಿಗೆ ಕಳಸ್ತೇನಿ. ನಿಮಗ ಬ್ಯಾಡಿದ್ರ ಈಗ ಹೇಳಿಬಿಡ್ರಿ."

ಬೇಡ ಎನ್ನಲು ಅವಳಿಗೆ ಬಾಯಿ ಎಲ್ಲಿತ್ತು? "ಬೋರಿಂಗ್ ಮೊದಲೋ, ನಿಮ್ಮ ಕಾಕಾ ಮೊದಲೋ?" ಎಂದಳು.

"ಬೋರಿಂಗ್ ಮೊದಲ," ಎಂದು ಅವನು ನಕ್ಕ.

ಆ ನಗುವನ್ನು ಅವಳು ಮನೆಯವರೆಗೂ ಹೊತ್ತುಕೊಂಡು ಹೋದಳು... ಪಾಪದ ಹುಡುಗಿ.

ದೀಪಾವಳಿ ಮುಗಿದ ವಾರ ಇಂಡಿಯಿಂದ ಕಾಗದ ಬಂತು. ಹತ್ತಿಕೇರಿಯ ಕೆಳಗಿನ ಓಣಿಗೆ ಒಂದು ಬೋರಿಂಗ್ ಮಂಜೂರು, ಜಾಗದ ಬಗ್ಗೆ ಗ್ರಾಮಸಭೆಯ ಠರಾವು ಬೇಕು. ಸಭೆಗೆ ಓಣಿಗೆ ಓಣಿಯೇ ನಡೆಯಿತು. ಕೆಲವರು ಹಬ್ಬದ ಸೀರೆಯನ್ನೇ ಮತ್ತೆ ಉಟ್ಟಿದ್ದರು.

ಆ ಪಂಚಾಯತಿಯದು ಹಳೆಯ ರೂಢಿ. ಮೊದಲು ಸಭೆಗೆ ಬಂದವರ ಸಹಿ, ಹೆಬ್ಬೆಟ್ಟು ಪುಟದ ಕೆಳಗೆ ಹಾಕಿಸಿಕೊಳ್ಳುವುದು. ಮೇಲರ್ಧ ಖಾಲಿ ಬಿಟ್ಟು, ಸಭೆ ಮುಗಿದ ಮೇಲೆ ನಿಧಾನವಾಗಿ ಠರಾವು ಬರೆಯುವುದು. ಚಂದ್ರಾಮ ಪುಸ್ತಕ ಹಿಡಿದು ಬೇವಿನ ಗಿಡದ ಕೆಳಗೆ ಬಂದ. "ಹಾಜರಿಗೆ ಅಷ್ಟರಿ," ಎಂದ ಮರೆವ್ವನಿಗೆ. ಅವಳು ಎಲ್ಲರಿಗಿಂತ ಮೊದಲು ಸಹಿ ಮಾಡಿದಳು.

ಹಿಂದೆ ಸರಿದವಳು ಗುಂಡವ್ವ ಆಯಿ, ಓಣಿಗೇ ಹಿರಿಯಳು. "ಖಾಲಿ ಹಾಳಿ ಮ್ಯಾಲೆ ಹೆಬ್ಬಟ್ಟ ಒತ್ತಬಾರದು ಅಂತ ನಮ್ಮಪ್ಪ ಹೇಳಿದ್ದ. ಮ್ಯಾಲೆ ಏನ ಬರೀತಾರವಾ?"

"ಆಯಿ, ಇವರು ನಮ್ಮವರು. ನಾ ಅದೇನಿ, ಒತ್ತು," ಎಂದಳು ಮರೆವ್ವ. ಮುದುಕಿಯ ಕೈ ಹಿಡಿದು, ಶಾಯಿ ಹಚ್ಚಿ, ತಾನೇ ಒತ್ತಿಸಿದಳು. ಉಳಿದವರು ಗುಂಡವ್ವನನ್ನು ನೋಡಿ ಒತ್ತಿದರು.

ಎಂಟು ದಿನದ ಮೇಲೆ ಬೋರಿಂಗ್ ಲಾರಿ ಬಂತು. ಓಣಿಯ ಬಾಯಲ್ಲಿ ಕೊಬ್ಬರಿ ಸಕ್ಕರೆ ಹಿಡಿದು ನಿಂತಿದ್ದ ಹೆಂಗಸರ ಮುಂದೆಯೇ ಹಾದು, ಧೂಳೆಬ್ಬಿಸುತ್ತ ಮೇಲಿನ ಓಣಿಗೆ ಹೋಯಿತು. ನಿಂತದ್ದು ಬಸಂತರಾಯನ ತೋಟದ ಮಗ್ಗುಲಲ್ಲಿ.

ಮರೆವ್ವ ಚಾವಡಿಗೆ ಓಡಿದಳು. ಚಂದ್ರಾಮ ತಲೆ ಎತ್ತಲಿಲ್ಲ. ಅವಳು ಕೇಳುವ ಮೊದಲೇ ಪುಸ್ತಕ ತೆರೆದು ಅವಳ ಕಡೆ ತಿರುಗಿಸಿದ. ಖಾಲಿ ಇದ್ದ ಮೇಲರ್ಧ ಈಗ ತುಂಬಿತ್ತು. 'ಕೆಳಗಿನ ಓಣಿಯ ನಿವಾಸಿಗಳು ತಮ್ಮ ಓಣಿಗೆ ಬೋರಿಂಗಿನ ಅವಶ್ಯಕತೆ ಇಲ್ಲವೆಂದು, ಅದನ್ನು ಮೇಲಿನ ಓಣಿಯಲ್ಲಿ ಹಾಕಲು ತಮ್ಮ ತಕರಾರು ಇಲ್ಲವೆಂದು ಸರ್ವಾನುಮತದಿಂದ ಒಪ್ಪಿರುತ್ತಾರೆ.' ಅದರ ಕೆಳಗೆ ಮೊದಲನೆಯದೇ ಅವಳ ಸಹಿ. ಆಮೇಲೆ ಮೂವತ್ತು ಹೆಬ್ಬೆಟ್ಟು.

"ಇದು ನಿಮ್ಮ ಅಕ್ಷರ ಏನು?"

"ಹೌದ್ರಿ."

"ಯಾರರ ಕೈ ಹಿಡಿದು ಬರಿಸಿದ್ರೇನು?"

ಅವನು ಪುಸ್ತಕ ಮುಚ್ಚಿದ. ಕಾಯಂ ಆಗುವ ಕಾಗದದ ಮೇಲೆ ಚೇರಮನ್ನನ ಸಹಿ ಬೇಕಿತ್ತು. ಬಸಂತರಾಯ ಒಂದು ಕೈಯಲ್ಲಿ ಆ ಕಾಗದ ಹಿಡಿದು, ಇನ್ನೊಂದು ಕೈಯಿಂದ ಠರಾವಿನ ಪುಸ್ತಕ ಮುಂದೆ ತಳ್ಳಿದ್ದ. ಇದನ್ನು ಹೇಳಿದರೆ ತಪ್ಪು ಸಣ್ಣದಾಗುತ್ತದೆಯೇ? ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಮರೆವ್ವ ತಿರುಗಿ ಹೊರಟಳು. ಮನೆಗೆ ಬರುವವರೆಗೆ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ರೊಟ್ಟಿ ತಿಂದದ್ದು, ಮೂರು ಸಲ ಬಂದದ್ದು, ದಾರಿಯಲ್ಲಿ ಸೈಕಲ್ ಇಳಿದದ್ದು... ಎಲ್ಲ ಮೂವತ್ತು ಹೆಬ್ಬೆಟ್ಟಿಗಾಗಿ! ಬೇಲಿಯೇ ಎದ್ದು ಹೊಲ ಮೇಯ್ದಿತು, ಆ ಬೇಲಿಯನ್ನು ತಾನೇ ಕೈಯಾರೆ ಹಾಕಿದ್ದೆ ಎಂದುಕೊಂಡಳು. ಅಳುವೂ ಬರಲಿಲ್ಲ.

ಮರುವಾರ ಚಂದ್ರಾಮ ಊರಲ್ಲಿ ಇರಲಿಲ್ಲ. ಮುದ್ದೇಬಿಹಾಳ ಕಡೆ ದೊಡ್ಡ ಪಂಚಾಯತಿಗೆ ವರ್ಗವಾಗಿದೆ, ಕಾಯಂ ಕೂಡ ಆಗಿದೆ ಎಂದು ಬಸಂತರಾಯನ ಮನೆಯ ಆಳುಗಳು ಹೇಳಿಕೊಂಡು ತಿರುಗಿದರು. ಓಣಿ ನಂಬಿತು. ಮರೆವ್ವನೂ ನಂಬಿದಳು.

ಆಮೇಲಿನ ಮೂರು ವರ್ಷವನ್ನು ಹೇಗೆ ಹೇಳಲಿ? ಮೇಲಿನ ಬಾವಿಯ ಹತ್ತಿರ ಕೊಡ ಹಿಡಿದು ನಿಂತರೆ, ನೀರು ಸೇದುವವರು ಹಗ್ಗ ನಿಲ್ಲಿಸಿ ಕೇಳುತ್ತಿದ್ದರು. "ನಿಮಗ ನೀರು ಬ್ಯಾಡಂತ ನೀವ ಬರದ ಕೊಟ್ಟೀರಲ್ಲ, ಮತ್ಯಾಕ ಬಂದ್ರಿ?" ಹೆಂಗಸರು ಅದನ್ನು ನುಂಗಿಕೊಂಡು, ಓಣಿಗೆ ಬಂದು ಮರೆವ್ವನ ಮೇಲೆ ಉಗುಳುತ್ತಿದ್ದರು. ನೌಕರಿ ಗಂಡನ ಆಸೆಗೆ ಓಣಿಯನ್ನೇ ಮಾರಿದಳು ಎಂದರು. ಮದುವೆ ಮನೆಗೆ ಕರೆಯುವುದನ್ನು ಬಿಟ್ಟರು. ಎರಡು ಕಡೆಯಿಂದ ಬಂದ ಸಂಬಂಧವನ್ನು ಅವಳೇ ಬೇಡ ಎಂದಳು. ಮನಸ್ಸಿನಲ್ಲಿ ಇನ್ನೂ ಅವನೇ ಇದ್ದಾನೆ ಎಂಬುದು ಅವಳಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿತ್ತು.

ಬೈಯದೇ ಇದ್ದವಳು ಗುಂಡವ್ವ ಒಬ್ಬಳೇ. ಎರಡನೇ ಬೇಸಿಗೆಯಲ್ಲಿ ತುಂಬಿದ ಕೊಡದೊಂದಿಗೆ ಬಿದ್ದು ಟೊಂಕ ಮುರಿದುಕೊಂಡಳು. ಎರಡು ತಿಂಗಳು ಮರೆವ್ವ ಅವಳ ಸೇವೆ ಮಾಡಿದಳು. ಮುದುಕಿ ಒಂದು ದಿನವೂ ಆ ಹೆಬ್ಬೆಟ್ಟಿನ ಮಾತೆತ್ತಲಿಲ್ಲ, ಎತ್ತದೆಯೇ ಹೋಗಿಬಿಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎಪ್ಪತ್ತೇಳರ ದೀಪಾವಳಿ ಆಸುಪಾಸಿನಲ್ಲಿ ಇಂಡಿಯಿಂದ ಒಬ್ಬ ಸಾಹೇಬರು ಬಂದು ಸಭೆ ಕರೆದರು. ಮೂರು ವರ್ಷ ಕಪಾಟಿನಲ್ಲಿ ಮಲಗಿದ್ದ ಒಂದು ಫೈಲಿನ ವಿಚಾರಣೆಯಂತೆ. ಮರೆವ್ವ ಹೋಗಲು ಒಪ್ಪಲಿಲ್ಲ. ಮಾನಪ್ಪ ಬಲವಂತ ಮಾಡಿ ಕರೆದುಕೊಂಡು ಹೋದ. ಸಾಹೇಬರು ಕನ್ನಡಕ ಏರಿಸಿ ಫೈಲಿನಲ್ಲಿದ್ದ ಹಳೆಯ ಸೆಕ್ರೆಟರಿಯ ಹೇಳಿಕೆ ಓದಿದರು.

'ಸದರಿ ಸಹಿ ಮತ್ತು ಹೆಬ್ಬೆಟ್ಟುಗಳನ್ನು ಹಾಜರಿಗೆಂದು ಹೇಳಿ ಪಡೆದಿರುತ್ತೇನೆ. ಠರಾವನ್ನು ಮೂರು ದಿನಗಳ ನಂತರ ನಾನೇ ಬರೆದಿರುತ್ತೇನೆ. ಮೊದಲ ಸಹಿ ಮಾಡಿದ ಮರೆವ್ವ ಮಾನಪ್ಪ ಇವರು ನನ್ನ ಮಾತು ನಂಬಿ ಸಹಿ ಮಾಡಿದ್ದು, ಅವರದು ಏನೂ ತಪ್ಪು ಇರುವುದಿಲ್ಲ. ತಪ್ಪು ನನ್ನದು.'

ಕೆಳಗಿನ ತಾರೀಖನ್ನೂ ಓದಿದರು. ಅವಳು ಚಾವಡಿಗೆ ಓಡಿಹೋಗಿದ್ದ ಮರುದಿನದ ತಾರೀಖು.

ಮರೆವ್ವ ಮನಸ್ಸಿನಲ್ಲೇ ದಿನ ಲೆಕ್ಕ ಹಾಕಿದಳು. 'ಮರುದಿನವೇ... ಮರುದಿನವೇ ಹೋಗಿ ಬರೆದುಕೊಟ್ಟಿದ್ದನೇ? ಮೂರು ವರ್ಷ ನಾನು ಯಾರಿಗೆ ಶಾಪ ಹಾಕಿದೆ?'

ಅವನಿಗೆ ವರ್ಗವೂ ಆಗಿರಲಿಲ್ಲ, ನೌಕರಿ ಕಾಯಂ ಕೂಡ ಆಗಿರಲಿಲ್ಲ ಎಂದು ಆವತ್ತೇ ತಿಳಿಯಿತು. ಸುಳ್ಳು ಠರಾವು ಬರೆದನೆಂದು ಅವನನ್ನು ಆಗಲೇ ಮನೆಗೆ ಕಳಿಸಿದ್ದರು. ಬರೆಸಿದ ಬಸಂತರಾಯನಿಗೆ ಏನೂ ಆಗಲಿಲ್ಲ. ಆವತ್ತೂ ಅವನು ಸಾಹೇಬರ ಮಗ್ಗುಲ ಖುರ್ಚಿಯಲ್ಲೇ ಕೂತಿದ್ದ. ತಪ್ಪು ಒಪ್ಪಿಕೊಂಡವನಿಗೇ ಶಿಕ್ಷೆ, ಲೋಕದ ನ್ಯಾಯ ಹಾಗೆಯೇ ನಡೆದು ಬಂದಿದೆ.

ಮುಂದಿನ ತಿಂಗಳು ಕೆಳಗಿನ ಓಣಿಗೆ ಬೋರಿಂಗ್ ಬಂತು. ಹೆಂಗಸರು ಮರೆವ್ವನ ಮನೆಯ ಮುಂದೆಯೇ ಕೊಡ ಹೊತ್ತು ಓಡಾಡಿದರು. ತಪ್ಪಾಯಿತು ಎಂದು ಒಬ್ಬರೂ ಒಳಗೆ ಬರಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ. ಸಾಹೇಬರ ಜೊತೆ ಬಂದಿದ್ದ ಜವಾನ ಮೈಬೂಬ, ಚಂದ್ರಾಮ ಬಸವನ ಬಾಗೇವಾಡಿಯ ದಲಾಲಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದಾನೆ ಎಂದು ಹೇಳಿಹೋಗಿದ್ದ. ಒಂದು ಬೆಳಿಗ್ಗೆ ಅವಳು ಅಪ್ಪನೊಂದಿಗೆ ಬಸ್ಸು ಹತ್ತಿದಳು.

ಬಾಗೇವಾಡಿಯ ಪೇಟೆಯಲ್ಲಿ ಮಾನಪ್ಪ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು, ನೀನೇ ಹೋಗಿ ಬಾ ಎಂದ. ಚಂದ್ರಾಮ ಬೆನ್ನಿನ ಹತ್ತಿ ಚೀಲವನ್ನು ಗಾಡಿಯ ಮೇಲೆ ಇಳಿಸಿ ತಿರುಗಿದ. ಬರೆಯುತ್ತಿದ್ದ ಆ ಬೆರಳುಗಳು ದಪ್ಪಗಾಗಿ ಸೀಳಿದ್ದವು. ಅವಳನ್ನು ಕಂಡು ಓಡಲಿಲ್ಲ, ಹತ್ತಿರವೂ ಬರಲಿಲ್ಲ.

ದಾರಿಯುದ್ದಕ್ಕೂ ಅವಳು ಎಷ್ಟೋ ಮಾತು ಕಟ್ಟಿಕೊಂಡು ಬಂದಿದ್ದಳು. ಕೊನೆಗೆ ಬಂದದ್ದು ಇಷ್ಟೇ.

"ಬರದ ಕೊಟ್ಟದ್ದು ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮೊದಲ ಬರದದ್ದು ಅಳಿಸಿ ಹೋಗ್ತಿತ್ತೇನು?"

"ಇಲ್ಲ," ಎಂದಳು. ಆ 'ಇಲ್ಲ' ಹೇಳುವಾಗಲೇ ಕಣ್ಣು ತುಂಬಿದವು. "ಗುಂಡವ್ವ ಆಯಿ ಸತ್ತಳು. ಕೊಡ ಹೊತ್ತು ಬಿದ್ದು ಸತ್ತಳು. ಆಕಿ ಕೈ ಹಿಡಿದು ನಾನ ಒತ್ತಿಸಿದ್ನಿ."

ಅವನು ಮಗ್ಗುಲಿನ ಇನ್ನೊಂದು ಚೀಲಕ್ಕೆ ಒರಗಿ ಕೂತುಬಿಟ್ಟ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಸಮಾಧಾನ ಹೇಳಲಿಲ್ಲ, ಆದರೆ ಹೋಗಲೂ ಇಲ್ಲ. ಅವನ ಎದುರಿಗೇ, ಅದೇ ಧೂಳಿನಲ್ಲಿ ಕುಕ್ಕುರುಗಾಲಲ್ಲಿ ಕೂತಳು.

"ನನಗ ಮಾಫಿ ಸಿಗೂದಿಲ್ಲ, ಗೊತ್ತೈತ್ರಿ," ಎಂದ ಅವನು.

"ಸಿಗೂದಿಲ್ಲ. ಕೊಡಾಕಿ ಮಣ್ಣಾಗ್ಯಾಳ. ನನ್ನ ಪಾಲಿಂದು ಕೊಡ್ತೇನೋ ಇಲ್ಲೋ, ನನಗೂ ಗೊತ್ತಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಮೂರು ವರ್ಷ ನಿನ್ನ ಮರಿಬೇಕಂತ ಬಡದಾಡೇನಿ. ಆಗಲಿಲ್ಲ. ನಮ್ಮಪ್ಪ ಅಲ್ಲಿ ಕುಂತಾನ. ನಿಮ್ಮ ಕಾಕಾ ಬರೂದು ಬ್ಯಾಡ, ನೀನ ಬಂದು ಕೇಳು."

ಅವನು ನಂಬದವನಂತೆ ಅವಳನ್ನು ನೋಡಿದ. "ಓಣ್ಯಾಗ ಹೆಂಗ ಬರ್ಲಿ, ಮರೆವ್ವಾ? ಮಂದಿ ಬೈತಾರ."

"ಬೈತಾರ. ಇಷ್ಟ ದಿನ ನಾ ಒಬ್ಬಾಕಿನ ಬೈಸ್ಕೊಂಡೇನಿ," ಎಂದು ಅವಳು ಎದ್ದು, ಅವನ ಸೀಳಿದ ಕೈ ಹಿಡಿದು ಎಬ್ಬಿಸಿದಳು. "ಇನ್ನ ಅರ್ಧ ನೀ ಬೈಸ್ಕೊ."