ಮೂರನೇ ರೆಕಾರ್ಡಿಂಗ್

ತುಳಸಿದಾಸನನ್ನು ನಾನು ಎರಡು ಸಲ ಫೇಲ್ ಮಾಡಿದ್ದೆ. ದಡ್ಡ ಅಂದುಕೊಂಡಿದ್ದೆ. ನಿಜವಾದ ದಡ್ಡಿ ಯಾರೆಂದು ಗೊತ್ತಾಗಿದ್ದು ಮೂರನೇ ಪರೀಕ್ಷೆಯ ದಿನ ಬೆಳಿಗ್ಗೆ.

ಅದು ೨೦೦೬. ಕಾರವಾರದ ಸ್ಪೋಕನ್ ಇಂಗ್ಲಿಷ್ ಸೆಂಟರಿನಲ್ಲಿ ಎಂಟು ಕಂಪ್ಯೂಟರ್. ಪ್ರಶ್ನೆ ಬಂದು ಬೀಪ್ ಆದಮೇಲೆ ಎರಡು ನಿಮಿಷ ಮೈಕಿನಲ್ಲಿ ಮಾತಾಡಬೇಕು. ಕೇಳಿ ಮಾರ್ಕು ಹಾಕುವವಳು ನಾನು, ಹಟ್ಟಿಕೇರಿಯ ಮಧುಕರ ಮಾಸ್ತರರ ಮಗಳು ವಿಜೇತಾ. ಆಮೇಲೆ ಗಾಜಿನ ಕೋಣೆಯಲ್ಲಿ ಕೂತ ಮಾಲೀಕರು ಪಾಸಾದವರ ರೆಕಾರ್ಡಿಂಗನ್ನು ಮಾತ್ರ ಕೇಳಿ ಗೋವಾದ ಹಡಗು ಕಂಪನಿಗೆ ಕಳಿಸುತ್ತಾರೆ. ಅವರು ಅಪ್ಪನ ಜೀವದ ಗೆಳೆಯರು. ಮೂರು ಸಲ ಫೇಲಾದವರಿಗೆ ಹಡಗಿನ ಕೆಲಸ ಇಲ್ಲ.

ಕ್ಲಾಸಿನಲ್ಲಿ ಪಟಪಟ ಇಂಗ್ಲಿಷ್ ಮಾತಾಡಿ ನನ್ನನ್ನು ಕೆಣಕುವ ಈ ದೇವಬಾಗದ ಹುಡುಗ, ಮೈಕ್ ಕಂಡರೆ ಮೂಕ. ಮೌನ ಕೇಳಿ ಬೇಸತ್ತು ಅರ್ಧಕ್ಕೇ ನಿಲ್ಲಿಸಿ ಸೊನ್ನೆ ಹಾಕಿದ್ದೆ. ಮೂರನೇ ಪರೀಕ್ಷೆಯ ಬೆಳಿಗ್ಗೆ ಅವನ ಹಳೆಯ ಫೈಲನ್ನು ಕೊನೆಯವರೆಗೂ ಕೇಳಿದೆ. ಕಡೆಗೊಂದು ಪಿಸುಮಾತಿತ್ತು. "ಪಾಸಾದ್ರೆ ಟೀಚರನ್ನ ನೋಡೂದು ಎಲ್ಲಿ?"

ಸಿಟ್ಟು ಬಂತು, ಅಳುವೂ ಬಂತು. ಅವನು ಬಾರದ ದಿನ ಕ್ಲಾಸೇ ಖಾಲಿ ಅನಿಸುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಅವನ ತಾಯಿ ಹೀರಾಬಾಯಿ ನೋಯುವ ಮೊಣಕಾಲಲ್ಲೇ ಮೀನುಬುಟ್ಟಿ ಹೊತ್ತು ತಿರುಗುತ್ತಾಳೆ. ಮಗ ಹಡಗು ಹತ್ತಿದ ದಿನ ಬುಟ್ಟಿ ಇಳಿಸುತ್ತೇನೆಂದು ನನ್ನ ಕೈ ಹಿಡಿದು ಹೇಳಿದ್ದಳು.

ಮಧ್ಯಾಹ್ನ ಅವನ ಸರದಿ. ಉಳಿದ ವಿದ್ಯಾರ್ಥಿಗಳೆಲ್ಲ ಹೋಗಿದ್ದರು. ನಿಮ್ಮ ಊರಿನ ಬಗ್ಗೆ ಹೇಳಿ ಎಂಬ ಪ್ರಶ್ನೆ ಬಂತು, ಬೀಪ್ ಆಯಿತು. ಅವನು ನನ್ನನ್ನೇ ನೋಡುತ್ತ ಕೂತ. ಅರ್ಧ ನಿಮಿಷ ಹೋಯಿತು.

"ಮಾತಾಡು ಮಾರಾಯಾ!" ನಾನು ಓಡಿಬಂದು ಪಕ್ಕದಲ್ಲಿ ನಿಂತೆ.

"ಮಾತಾಡಿದ್ರೆ ಹೋಗ್ಬೇಕಾಗ್ತದೆ, ಟೀಚರ್."

"ಹೋಗು. ಒಂಬತ್ತು ತಿಂಗ್ಳ ಕಾಂಟ್ರಾಕ್ಟ್ ತಾನೆ? ನಾ ಕಾಯ್ತೆ. ನಿನ್ನ ಬಿಟ್ಟು ಯಾರನ್ನೂ ಮದ್ವೆ ಆಗೂದಿಲ್ಲ. ಆದ್ರೆ ಇವತ್ತು ಬಾಯಿ ಬಿಡ್ಲಿಲ್ಲ ಅಂದ್ರೆ ಈ ಜನ್ಮದಲ್ಲಿ ನಿನ್ನ ಮುಖ ನೋಡೂದಿಲ್ಲ!"

ಅವನ ಕಣ್ಣು ತುಂಬಿತು. ತಕ್ಷಣ ಮೈಕಿಗೆ ಬಾಗಿದ. ಕಾಳಿ ನದಿ, ದೋಣಿ, ಅವ್ವ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ. ಕಡಿಮೆ ಮಾತಾಡಿದ್ದಕ್ಕೆ ಮಾರ್ಕು ಕಳೆದರೂ ಅರವತ್ತೆರಡು ಬಂತು. ಪಾಸಿಗೆ ಅರವತ್ತು ಸಾಕು.

ಆಗ ಅವನ ಮುಖ ಬಿಳುಚಿಕೊಂಡಿತು. "ಟೀಚರ್, ನೀವು ಹೇಳಿದ್ದೂ ಇದ್ರಲ್ಲೇ ಸೇರ್ಕೊಂಡದೆ!"

ನಾನು ಗಾಜಿನ ಕೋಣೆಯಲ್ಲಿದ್ದ ಮಾಲೀಕರತ್ತ ನೋಡಿದೆ. ಅವರು ಕೇಳಿದರೆ ಅಪ್ಪನಿಗೆ ಗೊತ್ತಾದಂತೆಯೇ. ಬಾಳೆಗುಳಿಯ ಗಂಡಿನ ಕಡೆಯವರು ಭಾನುವಾರ ನನ್ನನ್ನು ನೋಡಲು ಬರುವವರಿದ್ದರು.

"ಅಳಿಸಿಬಿಡಿ," ಎಂದ.

"ಅಳಿಸಿದ್ರೆ ನಿನ್ನ ಪರೀಕ್ಷೆನೂ ಹೋಗ್ತದೆ."

"ಹೋಗ್ಲಿ. ನಿಮ್ಮ ಮರ್ಯಾದಿ ಮುಂದೆ ಹಡಗು ಯಂತಾ ದೊಡ್ದು?"

ಮೌಸಿಗೆ ಕೈ ಚಾಚಿದ. ನಾನು ಆ ಕೈಯನ್ನು ಹಿಡಿದುಕೊಂಡೆ. ಬಲೆಯ ಹಗ್ಗ ಎಳೆದು ಒರಟಾದ ಕೈ ಅದು. ಇನ್ನೊಂದು ಕೈಯಿಂದ ನಾನೇ ಸಬ್ಮಿಟ್ ಒತ್ತಿದೆ.

ಗಾಜಿನಾಚೆ ಮಾಲೀಕರು ಹೆಡ್‌ಫೋನ್ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ತುಳಸಿದಾಸನ ಕೈ ಬಿಡಲಿಲ್ಲ.