ಬಲಗಾಲಿನ ಮುಳ್ಳು

೨೦೧೯ರ ಜುಲೈ ೧೪, ಭಾನುವಾರ. ಬೆಳಿಗ್ಗೆ ೯ ಗಂಟೆ ೪೦ ನಿಮಿಷಕ್ಕೆ ಮೊರೂಲೆ ಪೊಲೀಸ್ ಠಾಣೆಯ ಅಂಗಳಕ್ಕೆ ಒಂದು ಬಿಳಿ ಪಿಕಪ್ ಗಾಡಿ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಇಳಿದವನ ಹೆಸರು ಗಬಾಕೆ. ವಯಸ್ಸು ನಲವತ್ತರ ಆಸುಪಾಸು. ಜುಲೈ ಅಲ್ಲಿ ಚಳಿಗಾಲ; ಆ ಬೆಳಿಗ್ಗೆಯೂ ಅವನ ಹಣೆ ಬೆವೆತಿತ್ತು.

"ನಮ್ಮಕ್ಕನ್ನ ಕೊಂದುಬಿಟ್ಟಿದಾನೆ" ಎಂದ. "ಆ ದನ ಕಾಯೋ ನಾಯಿ."

ದೂರು ಬರೆದುಕೊಂಡವಳು ಇನ್‌ಸ್ಪೆಕ್ಟರ್ ತ್ಸೆನೊಲೊ. ಸತ್ತವಳ ಹೆಸರು ಕೇಳಿದಾಗ ಅವಳ ಪೆನ್ನು ಕಾಗದದ ಮೇಲೆ ನಿಂತೇ ಹೋಯಿತು. ಕೆಲೆಬೊನ್ಯೆ! ಆ ಹೆಂಗಸಿನ ಮುಖ ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ಧ್ವನಿ ಮಾತ್ರ ಬೋಟ್ಸ್ವಾನಕ್ಕೆಲ್ಲ ಗೊತ್ತಿತ್ತು. ಹತ್ತೊಂಬತ್ತು ವರ್ಷ ದಿನಾ ಸಂಜೆ ರೇಡಿಯೋದಲ್ಲಿ ಸಾವಿನ ಸುದ್ದಿ ಓದಿದವಳು ಅವಳು. ಯಾರು ಸತ್ತರು, ಮಣ್ಣು ಯಾವತ್ತು, ಯಾವ ಯಾವ ಊರಿನ ಯಾವ ಯಾವ ನೆಂಟರಿಗೆ ತಿಳಿಸಲಾಗುತ್ತಿದೆ ಎಂದು ಒಂದೊಂದೇ ಹೆಸರನ್ನು ಎತ್ತಿ ಇಡುವ ಹಾಗೆ ಓದುತ್ತಿದ್ದಳು. ಆ ಹೊತ್ತಿಗೆ ಮನೆಮನೆಯಲ್ಲೂ ಮಕ್ಕಳನ್ನು ಗದರಿ ಸುಮ್ಮನಿರಿಸುತ್ತಿದ್ದರು.

"ಯಾವಾಗ ನೋಡಿದ್ರಿ?" ತ್ಸೆನೊಲೊ ಕೇಳಿದಳು.

"ಇವತ್ತು ಎಂಟಕ್ಕೆ. ಹಾಲು ತರೋಣ ಅಂತ ಊರಾಚೆ ಅವಳ ದನ ಕಟ್ಟೋ ಠಾಣ್ಯಕ್ಕೆ ಹೋದೆ. ದೊಡ್ಡಿ ಬಾಗಿಲಲ್ಲಿ ಬಿದ್ದಿದ್ಲು."

"ನಿಮಗೇನಾಗಬೇಕು?"

"ನಮ್ಮ ದೊಡ್ಡಪ್ಪನ ಮಗಳು. ಶನಿವಾರ ಮಧ್ಯಾಹ್ನ ರಾಜಧಾನಿಯಿಂದ ದನ ನೋಡೋಕೆ ಬಂದಿದ್ಲು."

"ಕಾಯೋನು?"

"ಭೇಕಿಂಪಿ. ಜಿಂಬಾಬ್ವೆಯೋನು. ಪರಾರಿ."

೧೦.೫೦ಕ್ಕೆ ದನದ ಠಾಣ್ಯದಲ್ಲಿ ಪಂಚನಾಮೆ ಶುರುವಾಯಿತು. ಶವ ಬೋರಲಾಗಿತ್ತು, ತಲೆಯ ಹಿಂಬದಿಗೆ ದೊಣ್ಣೆಯಂಥ ವಸ್ತುವಿನಿಂದ ಎರಡು ಪೆಟ್ಟು, ಎರಡೂ ಕಾಲಿನಲ್ಲಿ ಕ್ಯಾನ್‌ವಾಸ್ ಶೂ, ಲೇಸು ಕಟ್ಟಿದೆ, ಪಕ್ಕದಲ್ಲಿ ಬೋರಲು ಹಾಕಿದ ಬಕೆಟ್. ಆಯುಧ ಸಿಕ್ಕಲಿಲ್ಲ. ಕಾನ್‌ಸ್ಟೆಬಲ್ ಮೊಕೆತ್ಸಿ ಟೇಪು ಹಿಡಿದು ಅಳೆದ, ತ್ಸೆನೊಲೊ ಬರೆದಳು.

ಮಧ್ಯಾಹ್ನ ಎರಡಕ್ಕೆ ಭೇಕಿಂಪಿ, ಎಲ್ಲರ ಬಾಯಲ್ಲಿ ಭೇಕಿ, ತಾನಾಗಿಯೇ ಪೊದೆಗಳ ನಡುವಿನಿಂದ ನಡೆದು ಬಂದ. ಹೆಗಲಲ್ಲಿ ಒಂದು ಪುಟ್ಟ ಹೊಸ ರೇಡಿಯೋ ತೂಗುತ್ತಿತ್ತು. ಅಷ್ಟು ಸಾಕಾಯಿತು ನೆರೆದವರಿಗೆ. ಮೊಕೆತ್ಸಿ ಅಡ್ಡ ನಿಲ್ಲದಿದ್ದರೆ ಅಲ್ಲೇ ಮುಗಿಸಿಬಿಡುತ್ತಿದ್ದರು.

"ರೇಡಿಯೋ ಎಲ್ಲಿದು?"

"ಅಕ್ಕೋರೇ ತಂದುಕೊಟ್ರು ಮಾ. ಒಬ್ಬನೇ ಇರ್ತೀಯ, ಕೇಳ್ಕೋ ಅಂದ್ರು."

"ರಾತ್ರಿ ಎಲ್ಲಿದ್ದೆ?"

"ಕರು ತಪ್ಪಿಸ್ಕೊಂಡಿತ್ತು. ಹುಡುಕ್ಕೊಂಡು ಹೋದೋನು ಪಕ್ಕದ ಠಾಣ್ಯದಲ್ಲಿ ಮಲಗಿದ್ದೆ. ಅಲ್ಲೂ ನಮ್ಮ ಕಡೆಯೋನೇ ಇರೋದು. ಸಂಜೆ ಹೋಗ್ತಾ ಒಂದು ಗಾಡಿ ಬಂದ ಸದ್ದು ಕೇಳಿಸ್ತು ಮಾ. ಯಾರದ್ದು ಅಂತ ನೋಡಲಿಲ್ಲ."

ಪಕ್ಕದ ಠಾಣ್ಯದ 'ನಮ್ಮ ಕಡೆಯೋನು' ಕಾಗದಪತ್ರ ಇಲ್ಲದವನು. ಪೊಲೀಸ್ ಗಾಡಿ ಕಂಡವನೇ ಓಡಿಹೋಗಿದ್ದ. ಸಾಕ್ಷಿ ಇಲ್ಲ. ಗಾಡಿಯ ಸದ್ದಿನ ಮಾತನ್ನು ತ್ಸೆನೊಲೊ ಹೇಳಿಕೆಯಲ್ಲಿ ಬರೆದುಕೊಂಡಳು, ಪುಟ ತಿರುಗಿಸಿದಳು. ಅಷ್ಟೇ ಮಾಡಿದಳು. ಆಮೇಲೆ ಎಷ್ಟೋ ದಿನ ಆ ಪುಟ ತಿರುಗಿಸಿದ್ದಕ್ಕೆ ತನ್ನ ಕೈಯನ್ನು ಕಂಡರೇ ಅವಳಿಗೆ ಹೇಸಿಗೆಯಾಗುತ್ತಿತ್ತು.

ಸಂಜೆಯೊಳಗೆ ರಾಜಧಾನಿಯಿಂದ ನಾಲ್ಕು ಸಲ ಫೋನು ಬಂತು. ಸೂಪರಿಂಟೆಂಡೆಂಟ್ ಲೆಸೊಲೆ ಮೇಜಿನ ಮೇಲೆ ಬೆರಳು ಬಡಿದ. "ಸಿಕ್ಕಿದಾನೆ ತಾನೆ? ಇನ್ನೇನು ನೋಡ್ತೀಯ? ಹಾಕು."

ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರು ಬಿತ್ತು. ಕೆಳಗೆ ಸಹಿ ಅವಳದು.

ಮಂಗಳವಾರ ಭೇಕಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಕೋರ್ಟಿನ ಮುಂದೆ ಜಾತ್ರೆಗಿಂತ ಹೆಚ್ಚು ಜನ. ಕರಿದ ಹಿಟ್ಟಿನುಂಡೆಯ ಎಣ್ಣೆ ವಾಸನೆ, ಸುಟ್ಟ ಜೋಳ, ಮೊಬೈಲು ಎತ್ತಿ ಹಿಡಿದ ಕೈಗಳು. ಸತ್ತವಳ ಒಡೆದ ತಲೆಯ ಚಿತ್ರ ಆ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ತಿನ್ನುತ್ತಲೇ ನೋಡಿ, ಬೆರಳು ಒರೆಸಿಕೊಂಡು ಮುಂದಿನವರಿಗೆ ಕಳಿಸುತ್ತಿದ್ದರು. ಒಬ್ಬಳು ಮುದುಕಿ ದನ ಕಟ್ಟುವ ಹಗ್ಗದ ಕುಣಿಕೆ ಮಾಡಿ ಕೋಲಿಗೆ ತೂಗುಬಿಟ್ಟಿದ್ದಳು. ಎಲ್ಲರಿಗಿಂತ ಎತ್ತರದ ದನಿ ಗಬಾಕೆಯದು.

"ಜೈಲಲ್ಲಿ ಕೂರಿಸಿ ನಮ್ಮ ತೆರಿಗೆಯಲ್ಲಿ ಗಂಜಿ ಹಾಕಬೇಡಿ! ನೇಣು ಹಾಕಿ!"

"ಹಾಕಿ!" ಎಂದಿತು ಜನ.

"ಏ ಇನ್‌ಸ್ಪೆಕ್ಟರಮ್ಮ, ಅವನಿಗೆ ಕಂಬಳಿ ಕೊಟ್ಟಿದೀಯಂತೆ? ಜೋಗುಳಾನೂ ಹಾಡ್ತೀಯಾ?" ಹಿಂದಿನಿಂದ ಯಾರೋ ಕೂಗಿದರು. ಎಲ್ಲ ನಕ್ಕರು.

ಭೇಕಿ ಕಟಕಟೆಯಲ್ಲಿ ನಿಂತು ಏನೂ ಅರ್ಥವಾಗದವನಂತೆ ತ್ಸೆನೊಲೊಳನ್ನೇ ನೋಡುತ್ತಿದ್ದ. ಕಾನೂನು ಅವಳಿಗೆ ಬಾಯಿಪಾಠ: ಕೊಲೆ ಸಾಬೀತಾಗಿ, ಶಿಕ್ಷೆ ತಗ್ಗಿಸುವ ಕಾರಣ ಕಾಣದಿದ್ದರೆ ನೇಣೇ. ನ್ಯಾಯಾಧೀಶರಿಗೆ ಬೇರೆ ದಾರಿಯಿಲ್ಲ. ಎಂಟು ವರ್ಷದ ಹಿಂದೆ ಅವಳು ಹಿಡಿದುಕೊಟ್ಟ ಒಬ್ಬನನ್ನು ಹಾಗೆ ಮುಗಿಸಿದ್ದರು. ಅವನ ತಾಯಿಗೆ ಗೊತ್ತಾದದ್ದು ಬೆಳಗಿನ ವಾರ್ತೆಯಲ್ಲಿ. ಅವಳು ಮೂರು ಬಸ್ಸು ಬದಲಾಯಿಸಿ ಠಾಣೆಗೆ ಬಂದು ಕೇಳಿದ್ದು ಒಂದೇ ಮಾತು: "ಎಲ್ಲಿ ಹೂತಿದ್ದಾರೆ ಮಗಳೇ?" ಜೈಲಿನ ಗೋಡೆಯೊಳಗೆ. ತೋರಿಸುವ ಹಾಗಿಲ್ಲ. ಆವತ್ತು ಆ ಮುದುಕಿಗೆ ಕುರ್ಚಿ ಕೊಡುವುದಕ್ಕೂ ತ್ಸೆನೊಲೊಗೆ ಮುಖವಿರಲಿಲ್ಲ. ಅವನಾದರೂ ಕೊಂದಿದ್ದ.

ಬುಧವಾರ ಶವಪರೀಕ್ಷೆಯ ವರದಿ ಬಂತು. ಎರಡನೇ ಪುಟದ ಕೊನೆಗೆ ಒಂದು ಸಾಲು: ಬಲ ಹಿಮ್ಮಡಿಯಲ್ಲಿ ಮುರಿದ ಮುಳ್ಳಿನ ತುದಿ, ಸುತ್ತ ಪಿನ್ನಿನಿಂದ ಕೆದಕಿದ ಹೊಸ ಗಾಯ. ಮುಳ್ಳು ಅರ್ಧ ಒಳಗಿರುವಾಗಲೇ ಯಾರಾದರೂ ಶೂ ಹಾಕಿ ಲೇಸು ಕಟ್ಟಿಕೊಳ್ಳುತ್ತಾರೆಯೇ? ತ್ಸೆನೊಲೊ ಆ ಸಾಲಿಗೆ ಪೆನ್ಸಿಲಿನಲ್ಲಿ ಗೀರು ಹಾಕಿ, ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಶನಿವಾರ, ಜುಲೈ ೨೦. ಮಣ್ಣು ಮಾಡುವುದು ಸೂರ್ಯ ಹುಟ್ಟುವ ಹೊತ್ತಿಗೆ. ನೂರಾರು ಕಾರು, ಕಂಬಳಿ ಹೊದ್ದ ಹೆಂಗಸರು, ಬಾಯಿಂದ ಹೊರಡುವ ಹಬೆ. ಅಂಗಳದ ಹಿಂದೆ ಗಂಡಸರು ಮೂರುಕಾಲಿನ ಕಡಾಯಿಗಳಲ್ಲಿ ರಾತ್ರಿಯಿಂದ ಬೇಯಿಸಿದ ದನದ ಮಾಂಸವನ್ನು ಕುಟ್ಟುತ್ತಿದ್ದರು. ತ್ಸೆನೊಲೊ ಮತ್ತು ಮೊಕೆತ್ಸಿ ಸಮವಸ್ತ್ರದಲ್ಲಿ ಗುಡಾರದ ಅಂಚಿಗೆ ನಿಂತಿದ್ದರು.

ಪದ್ಧತಿಯಂತೆ ನೆರೆಯವರು ಮಾತಾಡಿದರು, ರೇಡಿಯೋದವರು ಮಾತಾಡಿದರು. ಆಮೇಲೆ ಸಾವು ಹೇಗಾಯಿತೆಂದು ಹೇಳುವವನ ಸರದಿ. ಅದನ್ನು ಮನೆಯವನೇ ಹೇಳಬೇಕು, ಬಿಡದೆ ಹೇಳಬೇಕು. ಅರೆಬರೆ ಹೇಳಿದರೆ ಬಂದ ಜನ ಏನೋ ಮುಚ್ಚಿಡುತ್ತಿದ್ದಾರೆಂದು ಗುಸುಗುಸು ಶುರುಮಾಡುತ್ತಾರೆ. ಎದ್ದು ನಿಂತವನು ಗಬಾಕೆ. ಹೊಸ ಕಪ್ಪು ಕೋಟು. ಮೈಕು ಕೈಗೆ ಬಂದದ್ದೇ ಅವನ ಬೆನ್ನು ನೆಟ್ಟಗಾಯಿತು.

"ನಮ್ಮಕ್ಕ ಶನಿವಾರ ಊರಿಗೆ ಬಂದಳು" ಎಂದು ಶುರುಮಾಡಿದ. "ಸಂಜೆ ದನ ಒಳಗೆ ಬಂದವು. ಎಣಿಸಿದಳು. ಖುಷಿಯಾಗಿದ್ದಳು. ಪಾಪ, ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂತು, ಬಲಗಾಲಿನ ಶೂ ಬಿಚ್ಚಿ, ಬಗ್ಗಿ ಹಿಮ್ಮಡಿಯ ಮುಳ್ಳು ತೆಗೆಯುತ್ತಿದ್ದಳು. ಅಂಥ ಹೊತ್ತಲ್ಲಿ, ಆ ಹೊರಗಿನವನು, ಹಿಂದಿನಿಂದ ಬಂದು..."

ಹೆಂಗಸರ ಗುಂಪಿನಿಂದ ಗೋಳು ಎದ್ದಿತು. ತ್ಸೆನೊಲೊಗೆ ಮಾತ್ರ ಏನೂ ಕೇಳಿಸಲಿಲ್ಲ. ಅವಳಿಗೆ ಅಜ್ಜಿಯ ಒಲೆ ಮುಂದಿನ ಒಂದು ಕತೆ ಕಣ್ಣಿಗೆ ಕಟ್ಟಿತು: ಮೇಕೆಯ ಸಾವಿಗೆ ಬಂದ ಕತ್ತೆಕಿರುಬ ಎಲ್ಲರಿಗಿಂತ ಜೋರಾಗಿ ಅತ್ತಿತಂತೆ, ಅಳುವಾಗ ಬಾಯಿ ಅಗಲವಾಗಿ ತೆರೆಯಿತಂತೆ, ಹಲ್ಲಿನ ಸಂದಿಯಲ್ಲಿ ಮೇಕೆಯ ಕೂದಲಿತ್ತಂತೆ. ಚಿಕ್ಕವಳಾಗಿದ್ದಾಗ ಅದನ್ನು ಕೇಳಿ ನಕ್ಕಿದ್ದಳು.

"ಮೊಕೆತ್ಸಿ" ಎಂದಳು, ತುಟಿ ಅಲ್ಲಾಡಿಸದೆ. "ದನದ ಕಾಲುಬಾಯಿ ಜ್ವರದ ತಡೆಗೇಟಲ್ಲಿ ಗಾಡಿಗಳ ನಂಬರ್ ಬರೀತಾರಲ್ಲ, ಆ ಪುಸ್ತಕ ತಗೊಂಡು ಬಾ. ಈಗಲೇ."

"ಊಟ ಮುಗಿಸ್ಕೊಂಡು..."

"ಈಗಲೇ ಅಂದೆ."

ಆ ಠಾಣ್ಯಕ್ಕೆ ಹೋಗುವ ದಾರಿ ಒಂದೇ, ಅದರಲ್ಲಿ ಗೇಟು ಒಂದೇ. ಗಾಡಿ ನಿಲ್ಲಿಸಿ, ಇಳಿದು, ಔಷಧಿ ನೀರಿನಲ್ಲಿ ಶೂ ಅದ್ದಿ, ಪುಸ್ತಕದಲ್ಲಿ ಬರೆಸಿಯೇ ದಾಟಬೇಕು. ಆರು ದಿನದ ಹಿಂದೆಯೇ ನೋಡಬೇಕಾಗಿದ್ದ ಪುಸ್ತಕ ಅದು. ೯.೧೫ಕ್ಕೆ ಮೊಕೆತ್ಸಿ ತಂದ. ಶನಿವಾರ ಜುಲೈ ೧೩, ಬಿಳಿ ಪಿಕಪ್, ಗಬಾಕೆಯ ನಂಬರು: ಒಳಗೆ ಹೋದದ್ದು ಸಂಜೆ ೪.೩೫. ಹೊರಗೆ ಬಂದದ್ದು ೭.೨೦.

"ಗೇಟಿನೋನು ಏನಂದ?"

"'ನಾನು ಬರೆದೇ ಇದ್ದೆ, ನೀವ್ಯಾರೂ ಕೇಳಲೇ ಇಲ್ಲವಲ್ಲ' ಅಂದ ಮೇಡಂ." ಮೊಕೆತ್ಸಿ ನೆಲ ನೋಡಿದ.

ಅಷ್ಟರಲ್ಲಿ ಮಣ್ಣು ಮುಗಿದು ಊಟ ನಡೆದಿತ್ತು. ಗಬಾಕೆ ಮರದ ಕೆಳಗೆ ಹಿರಿಯರ ಸಾಲಿನಲ್ಲಿ ಕೂತು ಮಾಂಸದ ಎರಡನೇ ತಟ್ಟೆ ಮುಗಿಸುತ್ತಿದ್ದ. ಬೆರಳು ಒಂದೊಂದನ್ನೇ ಬುಡದಿಂದ ತುದಿಯವರೆಗೆ ನೆಕ್ಕುತ್ತಿದ್ದ. ತ್ಸೆನೊಲೊ ಹತ್ತಿರ ಹೋಗಿ ನಿಂತಳು.

"ಬನ್ನಿ ಯಜಮಾನ್ರೇ. ಹೇಳಿಕೆಗೆ ಒಂದು ಸಹಿ ಬಾಕಿ ಇದೆ."

"ತಿನ್ನೋಕಾದರೂ ಬಿಡಿ ಮಾ."

"ತಿಂದು ಮುಗಿಸಿ. ಕಾಯ್ತೀನಿ."

೧೦.೩೦. ಠಾಣೆಯ ಹಿಂದಿನ ಕೋಣೆ. ಮೇಜಿನ ಈಚೆ ತ್ಸೆನೊಲೊ, ಆಚೆ ಗಬಾಕೆ, ಬಾಗಿಲಲ್ಲಿ ಮೊಕೆತ್ಸಿ.

"ಮುಳ್ಳಿನ ವಿಷಯ ಯಾರು ಹೇಳಿದ್ರು?"

"ಯಾವ ಮುಳ್ಳು?"

"ಸಾವಿರ ಜನದ ಮುಂದೆ ಹೇಳಿದ್ರಲ್ಲ, ಅದೇ."

"ಅದಾ... ಊರಿಗೆಲ್ಲ ಗೊತ್ತು."

"ಊರಿನೋರು ನೋಡಿದ್ದು ಎರಡೂ ಕಾಲಲ್ಲಿ ಶೂ ಇದ್ದ ಹೆಣ. ಮುಳ್ಳು ಕಂಡಿದ್ದು ಡಾಕ್ಟರಿಗೆ. ಅವರ ವರದಿ ನನ್ನ ಬೀರುವಲ್ಲಿದೆ. ಬೀಗದ ಕೈ ಇಲ್ಲಿದೆ, ನೋಡಿ."

ಗಬಾಕೆ ನೋಡಲಿಲ್ಲ.

"ಶನಿವಾರ ಸಂಜೆ ಎಲ್ಲಿದ್ರಿ?"

"ಮನೇಲಿ."

ಅವಳು ಗೇಟಿನ ಪುಸ್ತಕ ತೆರೆದು ಅವನ ಕಡೆ ತಿರುಗಿಸಿದಳು. ಅವನು ಬಹಳ ಹೊತ್ತು ಅದನ್ನೇ ಓದಿದ, ಎರಡು ಸಾಲಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹೊತ್ತು.

"ದೊಣ್ಣೆ ಎಲ್ಲಿ?"

"ಹಳೇ ಬಾವೀಲಿ."

"ಶೂ ಮತ್ತೆ ಹಾಕಿದ್ಯಾಕೆ?"

"ನಮ್ಮನೆ ಹೆಣ್ಣುಮಗಳು ಮಾ ಅವಳು. ಒಂದು ಕಾಲು ಬರಿಗಾಲಾಗಿ ಬಿದ್ದಿರೋದನ್ನ ನಾಲ್ಕು ಜನ ನೋಡಿದ್ರೆ ಚೆನ್ನಾಗಿರುತ್ತಾ?"

ಬಾಗಿಲಲ್ಲಿ ಮೊಕೆತ್ಸಿ ಏನೋ ಬೈದುಕೊಂಡ. ತ್ಸೆನೊಲೊ ಕೈ ಎತ್ತಿ ಸುಮ್ಮನಿರಿಸಿದಳು.

"ಮತ್ತೆ ಭೇಕಿ? ಅವನ ಕತ್ತಿಗೆ ಹಗ್ಗ ಬೀಳ್ತಿತ್ತು. ಬೀಳಲಿ ಅಂತ ಕೂಗಿದವನು ನೀನೇ."

"ಅವನು ಹೊರಗಿನೋನು" ಎಂದ ಗಬಾಕೆ, ತೀರಾ ಸಹಜವಾಗಿ, ಯಾಕೆ ಇದನ್ನೂ ಕೇಳುತ್ತಿದ್ದಾಳೆ ಎನ್ನುವ ಹಾಗೆ. "ಅವನಿಗೆ ಇಲ್ಲಿ ಅಳೋರು ಯಾರಿದಾರೆ?"

ಅವಳು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ಬಾಯಿ ತೊಳೆದಳು. ಮತ್ತೆ ಬಂದು ಕೂತಾಗ ಅವನೇ ಮಾತು ಶುರುಮಾಡಿದ್ದ, ಯಾರೂ ಕೇಳದಿದ್ದರೂ.

ಮೇ ತಿಂಗಳಲ್ಲಿ ಅವನ ಮಗಳು ಸತ್ತಿದ್ದಳು. ಆರು ವರ್ಷ, ಎದೆಯ ಕಾಯಿಲೆ. ಮಗುವಿನ ತಾಯಿಯನ್ನು ಅವನು ಮದುವೆಯಾಗಿರಲಿಲ್ಲ. ಹೆಣ್ಣಿನ ಮನೆಗೆ ತೆರವೆಂದು ಎಂಟು ದನ ಹೊಡೆದುಕೊಂಡು ಹೋಗಿರಲಿಲ್ಲ. ದನ ಹೋಗದ ಮೇಲೆ ಮಗು ತಾಯಿಯ ಮನೆಯದೇ. ಅವರು ರೇಡಿಯೋಗೆ ಕಳಿಸಿದ ಚೀಟಿಯಲ್ಲಿ ಇಪ್ಪತ್ತೆರಡು ನೆಂಟರ ಹೆಸರಿತ್ತು, ತಂದೆಯ ಹೆಸರಿರಲಿಲ್ಲ. ಗಬಾಕೆ ಅಕ್ಕನಿಗೆ ಫೋನು ಮಾಡಿ ಅಂಗಲಾಚಿದ: ಓದುವವಳು ನೀನೇ, ಒಂದು ಹೆಸರು ಸೇರಿಸು. ಚೀಟಿಯಲ್ಲಿರುವುದನ್ನು ಮಾತ್ರ ಓದುತ್ತೇನೆ ಎಂದಳು ಅವಳು. ಹಾಗೆಯೇ ಓದಿದಳು.

"ದೇಶವೆಲ್ಲ ಕೇಳ್ತು ಮಾ. ನನ್ನ ಮಗೂಗೆ ಅಪ್ಪನೇ ಇಲ್ಲ ಅಂತ. ಆವತ್ತು ದೊಡ್ಡಿ ಹತ್ರ ಮತ್ತೆ ಕೇಳಿದೆ, ಯಾಕೆ ಹಂಗೆ ಮಾಡ್ದೆ ಅಂತ. ಮುಳ್ಳು ಕೀಳ್ತಾ ಇದ್ದೋಳು ತಲೇನೂ ಎತ್ತಲಿಲ್ಲ. 'ಎಂಟು ದನ ಹೊಡ್ಕೊಂಡು ಹೋಗಿದ್ರೆ ನಿನ್ನ ಹೆಸರು ತಾನಾಗೇ ಬರ್ತಿತ್ತು ಕಣೋ' ಅಂದ್ಲು. ನಕ್ಕಳು."

೧೨.೧೦ಕ್ಕೆ ಬಂಧನ ದಾಖಲಾಯಿತು. ೨.೦೦ಕ್ಕೆ ಹಳೇ ಬಾವಿಯಿಂದ ದೊಣ್ಣೆ ಮೇಲೆತ್ತಿ ಎರಡನೇ ಪಂಚನಾಮೆ ಬರೆದರು. ಸುದ್ದಿ ಹರಡುವುದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಅದೇ ಜನ, ಅದೇ ಮುದುಕಿ, ಅದೇ ಕುಣಿಕೆ, ಬಾಯಲ್ಲಿ ಹೆಸರೊಂದು ಮಾತ್ರ ಬೇರೆ. ಭೇಕಿಯ ಹೆಸರನ್ನು ಯಾರೂ ಎತ್ತಲಿಲ್ಲ, ನಾಲಿಗೆ ಕಚ್ಚಿಕೊಳ್ಳಲಿಲ್ಲ.

ಲೆಸೊಲೆ ವರದಿ ಓದಿ, ಒಂದು ಪ್ಯಾರಾದ ಮೇಲೆ ಬೆರಳಿಟ್ಟ. "ಈ ಮಗುವಿನ ಕತೆ ತೆಗೆದುಬಿಡು. ನಾಳೆ ಅವನ ವಕೀಲ ಇದನ್ನೇ ಹಿಡ್ಕೊಂಡು, ಕೆರಳಿಸಿದ್ದು, ನೋವು, ಶಿಕ್ಷೆ ತಗ್ಗಿಸಿ ಅಂತಾನೆ. ಜನ ನಮ್ಮನ್ನ ಉಗೀತಾರೆ."

"ಆಗಿದ್ದನ್ನೇ ಬರೆದಿದೀನಿ ಸರ್."

"ಕನಿಕರಾನಾ? ಅವನ ಮೇಲಾ?"

"ಅವನನ್ನ ನೋಡಿದ್ರೆ ವಾಂತಿ ಬರುತ್ತೆ ನನಗೆ. ಕನಿಕರ ಅಲ್ಲ. ಹೋದ ವಾರ ಬೇಗ ಮುಗೀಲಿ ಅಂತ ಒಂದು ಸಾಲು ಬಿಟ್ಟು ಮುಂದೆ ಹೋದೆ. ಒಬ್ಬ ಸಾಯ್ತಿದ್ದ. ಇನ್ನು ಯಾರ ಸಾಲೂ ಬಿಡೋಳಲ್ಲ ನಾನು."

ಲೆಸೊಲೆ ವರದಿಯನ್ನು ಮಡಚಿ ಅವಳ ಕೈಗೇ ಕೊಟ್ಟ. ಆ ಪ್ಯಾರಾ ಹಾಗೆಯೇ ಉಳಿಯಿತು. ಕೊರಳಿಗೆ ಹಗ್ಗವೋ, ಜೀವಮಾನದ ಜೈಲೋ ಎಂಬುದನ್ನು ಮುಂದೊಂದು ದಿನ ಹೈಕೋರ್ಟು ಆ ಐದು ಸಾಲು ಓದಿ ತೀರ್ಮಾನಿಸಬೇಕಿತ್ತು.

ಸೋಮವಾರ ಬೆಳಿಗ್ಗೆ ಕೋರ್ಟು ಭೇಕಿಯನ್ನು ಬಿಟ್ಟಿತು. ಮೊಕೆತ್ಸಿ ಅವನ ಬೆಲ್ಟು, ಚಾಕು, ರೇಡಿಯೋ ಎಲ್ಲ ಮೇಜಿನ ಮೇಲಿಟ್ಟು ಸಹಿ ಹಾಕಿಸಿಕೊಂಡ. ಭೇಕಿ ಅವುಗಳನ್ನು ಎತ್ತಿಕೊಂಡ. ಬಾಗಿಲವರೆಗೆ ಹೋಗಿ ನಿಂತ.

"ಕಾಗದ ಕೊಡಿ ಮಾ."

"ಏನು ಕಾಗದ?"

"ನಾನು ಕೊಂದಿಲ್ಲ ಅಂತ. ಇಲ್ಲಿಂದ ಗಡಿವರೆಗೂ ನನ್ನ ಮುಖ ಎಲ್ಲರ ಮೊಬೈಲಲ್ಲಿದೆ. ಬಸ್ಸಲ್ಲಿ ಯಾರಾದರೂ ಗುರುತು ಹಿಡಿದ್ರೆ ಏನು ತೋರಿಸಲಿ?"

ಠಾಣೆಯಲ್ಲಿ ಎಲ್ಲದಕ್ಕೂ ಮುದ್ರಿತ ನಮೂನೆಗಳಿದ್ದವು. ಕಳೆದುಹೋದ ದನಕ್ಕೆ, ಕಳೆದುಹೋದ ಗುರುತಿನ ಚೀಟಿಗೆ, ಹೆಣ ಒಪ್ಪಿಸುವುದಕ್ಕೆ. ಇದಕ್ಕೆ ಇರಲಿಲ್ಲ. ತ್ಸೆನೊಲೊ ಎಲ್ಲ ಡ್ರಾಯರುಗಳನ್ನೂ ಎಳೆದು ನೋಡಿದಳು. ಕೊನೆಗೆ ಒಂದು ಬಿಳಿ ಹಾಳೆ ತೆಗೆದು ಕೈಯಲ್ಲೇ ಬರೆಯತೊಡಗಿದಳು: ಈ ಕಾಗದ ಹಿಡಿದಿರುವ ಭೇಕಿಂಪಿ ಎಂಬವರು ಯಾರನ್ನೂ ಕೊಂದಿಲ್ಲ. ಇವರನ್ನು ಬಂಧಿಸಿದವಳು ನಾನು. ತಪ್ಪು ನನ್ನದು.

ಸಹಿ ಹಾಕಿ, ಮೊಹರು ಒತ್ತಿ, ಮಸಿ ಆರಲಿ ಎಂದು ಊದಿದಳು. ಭೇಕಿ ಪ್ರತಿ ಅಕ್ಷರವನ್ನೂ ಬೆರಳಿಟ್ಟು ಓದಿದ. ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೇ ಸರಿಸಿದ.

"ಇನ್ನೊಂದು ಬರೀರಿ ಮಾ" ಎಂದ. "ಇದು ಹರಿದುಹೋದ್ರೆ?"