ಬೆನ್ನ ಹಿಂದಿನ ಮೆಟ್ಟಿಲು

ಬಸ್ಸಿನಿಂದ ಕೊನೆಗೆ ಇಳಿದವನನ್ನು ಕಂಡು, ಅವಳು ಎತ್ತಿ ಹಿಡಿದಿದ್ದ ಪುಟ್ಟ ಬಾವುಟ ತಾನಾಗಿಯೇ ಕೆಳಗಿಳಿಯಿತು.

ಅವನೇ! ಮೂರು ವರ್ಷ ಒಂದು ಮಾತೂ ಇಲ್ಲದೆ ಮಾಯವಾಗಿದ್ದವನು!

"ಇವರೇ ನಮ್ಮ ಗೈಡ್," ಎಂದು ಅವನು, ಸಮ್ಮೇಳನಕ್ಕೆ ಬಂದಿದ್ದ, ತಾನೇ ಊರು ಸುತ್ತಿಸಲು ಕರೆತಂದಿದ್ದ ಹಲ್ಲಿನ ಡಾಕ್ಟರುಗಳಿಗೆ ಹೇಳಿದ. "ಬಂದರು ಇವರು ತೋರಿಸ್ತಾರೆ. ನಾನು... ಹಿಂದೆ ಇರ್ತೀನಿ."

ಹಿಂದೆ ಇರ್ತೀನಿ... ಆಗಲೂ ಅದನ್ನೇ ಹೇಳುತ್ತಿದ್ದ!

ಇಲ್ಲಿನ ಗೈಡುಗಳು ಜನರ ಮುಖ ನೋಡುತ್ತ, ಹಿಮ್ಮುಖವಾಗಿ ನಡೆಯುತ್ತಲೇ ಮಾತಾಡುತ್ತಾರೆ. ಅವರ ಬೆನ್ನ ಹಿಂದೆ ಮೆಟ್ಟಿಲು ಬಂದರೆ, ಗುಂಪಿನ ಕೊನೆಯಲ್ಲಿರುವ ಜೊತೆಗಾರ ಕೈ ಎತ್ತಿ ತೋರಿಸಬೇಕು. ಆಗ ಅವಳ ಜೊತೆಗಾರ ಅವನೇ ಆಗಿದ್ದ. ಒಂದು ದಿನ ದೀಪಸ್ತಂಭದ ಮೆಟ್ಟಿಲ ಬಳಿ ಅವನ ಕೈ ಏಳಲಿಲ್ಲ. ಅವಳು ಬಿದ್ದಳು, ಕಾಲು ಮುರಿಯಿತು. ಆಸ್ಪತ್ರೆಯಲ್ಲಿ ಹಗಲೆಲ್ಲ ಬಾಗಿಲನ್ನೇ ನೋಡುತ್ತ ಮಲಗಿದ್ದಳು.

ಅವನು ಬರಲೇ ಇಲ್ಲ.

'ಕುಂಟಿಯನ್ನು ಯಾರು ಕಟ್ಕೋತಾರೆ?' ಎಂದು ತಾನೇ ಉತ್ತರ ಕೊಟ್ಟುಕೊಂಡಿದ್ದಳು. ಈಗಲೂ ಎಡಗಾಲು ಕೊಂಚ ಎಳೆಯುತ್ತಿತ್ತು. ಅಂದಿನಿಂದ ಹಿಮ್ಮುಖವಾಗಿ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಸುಂಕದ ಮನೆ, ಹಗ್ಗ ಹೊಸೆಯುವ ಓಣಿ ದಾಟಿ ಹಳೆಯ ಉಗ್ರಾಣದ ಮುಂದೆ ಎಲ್ಲರೂ ನಿಂತರು.

"ಹಡಗು ಹತ್ತೋಕೆ ಮುಂಚೆ ನಾವಿಕರು ಈ ಗೋಡೆ ಮೇಲೆ ತಮ್ಮವರ ಹೆಸರು ಕೆತ್ತಿ ಹೋಗ್ತಿದ್ರು. ವಾಪಸ್ ಬಂದವರು ಕೆಳಗೊಂದು ಗೆರೆ ಎಳೀತಿದ್ರು. ನೋಡಿ... ಗೆರೆ ಇರೋ ಹೆಸರು ಕಮ್ಮಿ!"

ಹಿಂದೆ ನಿಂತಿದ್ದವನು ತಲೆ ತಗ್ಗಿಸಿದ.

"ಏನಮ್ಮ, ಮುಖ ಹೀಗಿದೆ? ಹಲ್ಲುನೋವಾ?" ಹಿರಿಯ ಡಾಕ್ಟರಮ್ಮ ಕೇಳಿದರು.

"ಇಲ್ಲ ಡಾಕ್ಟರಮ್ಮ..."

"ಯಾವ ನೋವಾದ್ರೂ ಬೇಗ ತೋರಿಸ್ಬೇಕು. ಕಚ್ಕೊಂಡು ಕೂತ್ರೆ ಬೇರಿಗಿಳಿಯುತ್ತೆ."

ದೀಪಸ್ತಂಭದ ಹತ್ತಿರ ಬಂದಾಗ ಬಸ್ಸು ಹಾರ್ನ್ ಹೊಡೆಯಿತು. ಹೊರಡುವ ಹೊತ್ತು! ಇನ್ನು ಅವನು ಎಂದೆಂದಿಗೂ ಸಿಗುವುದಿಲ್ಲ...

ಅವಳು ಬಾವುಟ ಮೇಲೆತ್ತಿದಳು. ಸರಕ್ಕನೆ ತಿರುಗಿ ಗುಂಪಿಗೆ ಮುಖಮಾಡಿದಳು. ಅದೇ ಮೆಟ್ಟಿಲುಗಳ ಕಡೆಗೆ ಹಿಂದೆ ಹಿಂದೆ ನಡೆಯತೊಡಗಿದಳು.

'ನಾನು ಅವನಿಗೆ ಏನೂ ಅಲ್ಲ ಅಂದ್ರೆ, ಬಿದ್ರೆ ಬೀಳ್ತೀನಿ!'

"ನಿಲ್ಲು!" ಅವನ ಕೈ ಮೇಲೆದ್ದಿತ್ತು. ಡಾಕ್ಟರುಗಳನ್ನು ತಳ್ಳಿಕೊಂಡು ಓಡಿಬಂದು ಅವಳ ತೋಳು ಹಿಡಿದ. "ಹುಚ್ಚಾ ನಿಂಗೆ?"

"ಅವತ್ತು ಯಾಕೆ ಕೈ ಎತ್ತಲಿಲ್ಲ?"

"ಮೆಟ್ಟಿಲು ನೋಡೋದು ನನ್ನ ಕೆಲಸ. ನಾನು... ನಿನ್ನ ಮುಖ ನೋಡ್ತಾ ಮೈಮರೆತಿದ್ದೆ."



"ಆಸ್ಪತ್ರೆಗಾದ್ರೂ ಬರಬಹುದಿತ್ತಲ್ಲ?"

"ಒಂದು ರಾತ್ರಿ ಬಾಗಿಲವರೆಗೂ ಬಂದಿದ್ದೆ. ನೀನು ಗೋಡೆ ಕಡೆ ತಿರುಗಿ ಅಳ್ತಿದ್ದೆ. ಅಷ್ಟು ನೋವು ಕೊಟ್ಟವನು ಯಾವ ಮುಖ ಇಟ್ಕೊಂಡು ಒಳಗೆ ಬರಲಿ?"

"ಕಾಲು ನೋವಿಗಲ್ಲ ಕಣೋ, ದಡ್ಡ! ನೀನು ಬರಲಿಲ್ಲ ಅಂತ ಅಳ್ತಿದ್ದೆ..."

ಬಸ್ಸು ಮತ್ತೆ ಕೂಗಿತು. ಡಾಕ್ಟರಮ್ಮ ಕಣ್ಣೊರೆಸಿಕೊಂಡು, "ಹೋಟೆಲಿಗೆ ಹೋಗೋಕೆ ನಾವೇನು ಎಳೆ ಮಕ್ಕಳಾ? ನಡೀರಿ ಎಲ್ಲ!" ಎಂದು ಗುಂಪನ್ನು ಹೊರಡಿಸಿಯೇಬಿಟ್ಟರು.

ಇಬ್ಬರೇ ಉಳಿದರು.

"ನಾಳೆಯಿಂದ ಮತ್ತೆ ನನ್ನ ಹಿಂದೆ ಇರ್ತೀಯಾ?" ಎಂದು ಅವಳು ಕೇಳಿದಳು.

"ಬೇಡ. ದೂರ ನಿಂತ್ರೆ ಮತ್ತೆ ನಿನ್ನ ಮುಖಾನೇ ನೋಡ್ತೀನಿ. ಪಕ್ಕದಲ್ಲಿರ್ತೀನಿ."

"ಮೆಟ್ಟಿಲು ಬಂದ್ರೆ?"

"ಕೈ ಎತ್ತಲ್ಲ," ಎಂದು ಅಂಗೈ ಚಾಚಿದ. "ಕೈ ಹಿಡ್ಕೋತೀನಿ."